ಗೇಟಿನ ಒಳಗ ನಿಂತಿದ್ದ ಆ ಬೈಕ್

ಈ ವಾರದ ಪತ್ರಗಳೊಳಗ ಒಂದನ್ನ ಓದಿ ಬಾಜೂಕ ಇಡಾಕ ಆಗ್ಲಿಲ್ಲ, ಕೈಯಾಗಿನ ಚಾ ಆರಿ ಹೋತು. ಬರದವ್ರು ಬೈಲಹೊಂಗಲದವ್ರು, ವಯಸ್ಸು 43, ಪತ್ತಿನ ಸೊಸೈಟ್ಯಾಗ ಕ್ಲರ್ಕ್. 15 ವರ್ಷದಿಂದ ಕುಡೀತಾರ. ಭಾರತ ಹುಣ್ಣಿವಿಗೆ ಎಲ್ಲಮ್ಮನ ಗುಡ್ಡದಾಗ ಹೆಂಡ್ತಿ ಮಕ್ಕಳ ಮುಂದ ಆಣಿ ಮಾಡಿದ್ರು, ಹೋಳಿ ಹುಣ್ಣಿವಿಗೆ ಮುರದ್ರು. ಆಮ್ಯಾಲೆ ಮೊಬೈಲ್‌ನ್ಯಾಗ ಹುಡುಕ್ಯಾಡಿ, ಬೆಳಗಾವಿ ಕ್ಯಾಂಪ್ ಕಡೆ ಒಂದು ಸಾಲಿ ರೂಮಿನ್ಯಾಗ ರವಿವಾರ ಸಂಜಿಕ ಎಎ ಮೀಟಿಂಗ್, ಅಂದ್ರ ಕುಡಿತ ಬಿಡಬೇಕನ್ನೋರು ಕೂಡಿ ಒಬ್ಬರಿಗೊಬ್ಬರು ಆಸರಾಗೋ ಆಲ್ಕೊಹಾಲಿಕ್ಸ್ ಅನಾನಿಮಸ್‌ದು, ನಡೀತೈತಿ ಅಂತ ಪತ್ತೆ ಹಚ್ಚಿ ಎರಡು ಸಲ ಹೋದ್ರು, ಎರಡೂ ಸಲ ಗೇಟಿನಿಂದ ಹೊಳ್ಳಿ ಬಂದ್ರು. ‘ನಾ ಇಷ್ಟ್ ಹೇಡಿ ಏನ್ರಿ, ಧೈರ್ಯ ಹ್ಯಾಂಗ ತಂದ್ಕೊಳ್ಲಿ’ ಅಂತ ಕೇಳ್ಯಾರ.

ಅಣ್ಣಾರ, ಧೈರ್ಯದ ಮಾತು ಬಿಡ್ರಿ. ಮೂರು ಪುಟದ ಪತ್ರದಾಗ ಒಂದೂವರೆ ಪುಟ ಆಣಿ ಮುರದಿದ್ದಕ್ಕ ಅತ್ತೀರಿ, ಖರೇ ವಿಷಯ ಒಂದ ಸಾಲಿನ್ಯಾಗ ಮುಗಿಸೀರಿ: ‘ಒಳಗ ಬೆಳಗಾವಿ ಕೆಎ 22 ಗಾಡಿಗಳ ನಡುವ ಒಂದು ನಮ್ಮ ಬೈಲಹೊಂಗಲದ ಕೆಎ 24 ಬೈಕ್ ಇತ್ತು, ಹಿಂದ ನಂಬರ್ ಪ್ಲೇಟ್ ಮ್ಯಾಲೆ ಮಗಳ ಹೆಸರು, ನಮ್ಮೂರ ಹೈಸ್ಕೂಲ್ ಮಾಸ್ತರದು, ಅವ್ರು ನೋಡಿದ್ರ ಊರ ತುಂಬ ಆಗ್ತೈತಿ ಅಂತ ವಾಪಸ್ ಬಂದೆ.’

ಅಲ್ರೀ, ಮಾಸ್ತರು ರವಿವಾರ ಸಂಜಿ ಅಷ್ಟು ದೂರ ಗಾಡಿ ಹೊಡ್ಕೊಂಡು ಆ ರೂಮಿಗೆ ಪೇಪರ್ ತಿದ್ದಾಕ ಬಂದಿದ್ರೇನು? ಇದ್ದರೂ ಇದ್ದೀತು, ಗಾಡಿ ಯಾರಿಗರ ಕೊಟ್ಟಿರಬಹುದು, ಬೇರೆ ಕೆಲಸಕ್ಕ ಬಂದಿರಬಹುದು, ಅದು ನನಗೂ ಬ್ಯಾಡ ನಿಮಗೂ ಬ್ಯಾಡ. ಆದ್ರ ಅವ್ರು ಆ ಮೀಟಿಂಗಿಗೇ ಬಂದಿದ್ರು ಅಂತ ಇಟ್ಕೊಳ್ರಿ. ಎಷ್ಟು ದಿನದಿಂದ ಬರ್ತಿದ್ರೋ ಏನೋ, ಅವ್ರು ತಿಂಗಳಾ ನಿಮ್ಮ ಕೌಂಟರಿಗೆ ಬಂದು ಆರ್‌ಡಿ ಕಟ್ಟಿ ಹೋಗ್ತಾರ ಅಂತ ನೀವ ಬರದೀರಿ, ನಿಮಗ ಸುಳಿವಾದ್ರೂ ಸಿಕ್ಕಿತ್ತಾ? ಬೈಲಹೊಂಗಲದಾಗ ಯಾರ ಮನ್ಯಾಗ ಏನ ಸಾರು ಅಂತ ಗೊತ್ತಿರೋ ಜನಕ್ಕ ಇದೊಂದು ಗೊತ್ತಾಗಿಲ್ಲ. ಹಂಗಾದ್ರ ಆ ರೂಮಿನ ಮಾತು ಹೊರಗ ಬರೂದಿಲ್ಲ ಅನ್ನೋದಕ್ಕ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇನ್ರಿ? ಬರೇ ಹೆಸರ ಹೇಳಿದ್ರ ಸಾಕು, ಅಡ್ಡಹೆಸರೂ ಕೇಳೂದಿಲ್ಲ. ಹಾಂ, ನಾಳೆ ಸೊಸೈಟ್ಯಾಗ ಮಾಸ್ತರ ಮಾರಿ ನೋಡಿ ನಗಬ್ಯಾಡ್ರಿ, ಹೆಂಡ್ತಿಗೂ ಅವ್ರ ಹೆಸರು ಹೇಳಬ್ಯಾಡ್ರಿ.

ಆಣಿ ವಿಷಯ ನಾ ಈ ಅಂಕಣದಾಗ ಎಷ್ಟು ಸಲ ಬರದೀನೋ ಲೆಕ್ಕ ಇಲ್ಲ. ಎಲ್ಲಮ್ಮನ ಮ್ಯಾಲೆ ನನಗ ಭಕ್ತಿ ಐತಿ, ಆದ್ರ ‘ಜನ್ಮದಾಗ ಮುಟ್ಟೂದಿಲ್ಲ’ ಅಂತ ಒಮ್ಮೆಗೇ ಜನ್ಮದ ಭಾರ ಹೊತ್ತವ್ರು ಮುಂದಿನ ಹುಣ್ಣಿವಿ ದಾಟಿದ್ದು ನಾ ಭಾಳ ಕಂಡಿಲ್ಲ. ಆ ರೂಮಿನ್ಯಾಗ ಬರೇ ಇವತ್ತಿನ ದಿನದ ಮಾತು ಆಡ್ತಾರ, ಇವತ್ತೊಂದಿನ ಬ್ಯಾಡ ಅಷ್ಟ. ನಾ ಒಮ್ಮೆ ಓಪನ್ ಮೀಟಿಂಗಿಗೆ ಹೋಗಿ ಕುಂತಿದ್ದೆ, ಅಂದ್ರ ಮನಿಮಂದಿ, ಬ್ಯಾರೆದವ್ರೂ ಬರಬಹುದಾದದ್ದು. ಪ್ಲಾಸ್ಟಿಕ್ ಕುರ್ಚಿ, ನೀರಿನಂಥ ಚಾ, ಮಾರಿ ಬಿಸ್ಕೀಟ್. ಕುಡಿತ ಬಿಟ್ಟು 12 ವರ್ಷ ಆದವ್ರು ಎದ್ದು ನಿಂತ್ರು, ಚಪ್ಪಾಳೆ ಬಿತ್ತು. ಆಮ್ಯಾಲೆ ಒಂದು ಹುಡುಗ ತಲಿ ತಗ್ಗಿಸ್ಕೊಂಡು ‘ನಂದು ಇವತ್ತ ಮೊದಲ್ನೇ ದಿನ’ ಅಂದ, ಅವಂಗ ಬಿದ್ದ ಚಪ್ಪಾಳೆಗೆ ಕಿಟಕಿ ಮ್ಯಾಲಿನ ಪಾರಿವಾಳ ಹಾರಿ ಹೋದ್ವು.

ಇನ್ನ ನಿಮ್ಮ ಹೆಂಡ್ತಿ ತಮ್ಮ. ಇವನ ಮ್ಯಾಲೆ ನನಗ ಸಿಟ್ಟು ಬಂದೈತಿ. ಹೋಳಿಗೆ ‘ಭಾವಾರ, ಹಬ್ಬದಾಗ ಒಂದ ನೈಂಟಿ, ಏನಾಗ್ತೈತಿ’ ಅಂತ ಗ್ಲಾಸ್ ಹಿಡಿಸಿದವ ಇವನ, ಈಗ ‘ಅಲ್ಲಿ ಹೋದ್ರ ರೊಕ್ಕ ಕೀಳ್ತಾರ, ಜಾತಿ ಕೆಡಿಸ್ತಾರ’ ಅಂತ ಹೆದರ್ಸಾವನೂ ಇವನ. ಸಾಲಿ ಚರ್ಚಿನವ್ರದು ಇರಬಹುದು, ಮೀಟಿಂಗ್ ಚರ್ಚಿಂದಲ್ಲ. ಇದು 1935ರಾಗ ಅಮೆರಿಕಾದ ಆ್ಯಕ್ರನ್ ಅನ್ನೋ ಊರಾಗ ಒಬ್ಬ ಶೇರ್ ದಲ್ಲಾಳಿ, ಒಬ್ಬ ಸರ್ಜನ್, ಇಬ್ಬರೂ ಕುಡುಕರು, ಒಬ್ಬರಿಗೊಬ್ಬರು ಆಸರಾಗಿ ಶುರು ಮಾಡಿದ್ದು. ದೇವರ ಮಾತು ಬರ್ತೈತಿ, ಯಾವ ದೇವರು ಅನ್ನೋದು ನಿಮಗ ಬಿಟ್ಟಿದ್ದು, ಎಲ್ಲಮ್ಮನೇ ಇರ್ಲಿ. ಫೀ ಇಲ್ಲ. ಚಾ ಖರ್ಚಿಗೆ, ಬಾಡಿಗಿಗೆ ಡಬ್ಬಿ ತಿರಗತೈತಿ, ಹಾಕ್ರಿ ಬಿಡ್ರಿ. ಕುಡಿಯೋದು ಬಿಡಬೇಕು ಅನ್ನೋ ಆಸೆ ಒಂದಿದ್ರ ಸಾಕು. ಭಾವಮೈದ್ನ ಒಂದು ವರ್ಷ ಮನಿಗೆ ಬರದಿದ್ರ ಹೋಳಿಗಿ ಏನ್ ಹಳಸೂದಿಲ್ಲ, ಇದನ್ನ ನಿಮ್ಮ ಮನಿಯವ್ರಿಗೆ ಓದಿ ಹೇಳ್ರಿ.

‘ಮುಂಜಾನೆ ಲೆಡ್ಜರ್ ಬರ್ಯಾಕ ಕೈ ನಡಗತಾವ, ಒಂದು ಸಣ್ಣದು ಹಾಕ್ಕೊಂಡ ಮ್ಯಾಲೆ ನಿಲ್ಲತಾವ’ ಅಂತನೂ ಬರದೀರಿ. ಹಿಂಗ ಇದ್ದವ್ರು ಮನ್ಯಾಗ ಕುಂತು ಒಮ್ಮೆಗೇ ನಿಲ್ಲಿಸಬಾರದು, ಎರಡು ಮೂರು ದಿನದಾಗ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಾಕ ಹತ್ತಬಹುದು, ಜೀವಕ್ಕೂ ಕುತ್ತು. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯದ ದವಾಖಾನಿ ಡಿಮ್ಹಾನ್ಸ್ ನಿಮಗ ದೂರಲ್ಲ, ಮೊದಲ ಡಾಕ್ಟರ್ ಕಡೆ ಹೋಗ್ರಿ. ಯಾರ ಕಡೆ ಹೋಗೂದು ಅಂತ ತಿಳೀಲಿಲ್ಲಂದ್ರ 14416ಕ್ಕ ಫೋನ್ ಹಚ್ರಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಪುಕ್ಕಟೆ, ಕನ್ನಡದಾಗ ಮಾತಾಡ್ತಾರ. ಗುಳಿಗಿ ಡಾಕ್ಟರ್ ಕೊಡ್ತಾರ, ಮೀಟಿಂಗ್ ಬ್ಯಾರೆ, ಎರಡೂ ಬೇಕು.

ರವಿವಾರಕ್ಕ ಮೊದಲ ಆ ಗ್ರೂಪಿನ ನಂಬರಿಗೆ ಫೋನ್ ಮಾಡಿ, ಮೀಟಿಂಗ್ ಕನ್ನಡದಾಗ ನಡೀತೈತೋ ಮರಾಠಿ ಇಂಗ್ಲಿಷಿನ್ಯಾಗೋ ಕೇಳ್ರಿ, ಬೆಳಗಾವ್ಯಾಗ ಎಲ್ಲಾನೂ ಇರ್ತೈತಿ. ಹೊಸಬ ಅಂತ ಹೇಳ್ರಿ, ಯಾರರ ಗೇಟಿಗೆ ಬಂದು ನಿಲ್ತೀರೇನು ಅಂತ ನಾಚಿಕಿ ಬಿಟ್ಟು ಕೇಳ್ರಿ. ಮೀಟಿಂಗ್ ಆರಕ್ಕಂದ್ರ ಐದೂಮುಕ್ಕಾಲಕ್ಕ ಮುಟ್ರಿ. ಗೇಟಿನ ಹೊರಗ ಬೀಡಿ ಸೇದ್ಕೊಂತ ನಿಲ್ಲಬ್ಯಾಡ್ರಿ, ನೀವು ಅಲ್ಲಿಂದನ ಹೊಳ್ಳಾವ್ರು. ಸೀದಾ ಒಳಗ ಹೋಗಿ ಗಾಡಿ ಆ ಕೆಎ 24 ಬಾಜೂಕ ಹಚ್ರಿ.