ಪಿಂಗ್‌ಗೆ ಉತ್ತರ ಬರಲಿಲ್ಲ ಅಂದಮಾತ್ರಕ್ಕೆ ನೆಟ್ ಇಲ್ಲ ಅಂತಲ್ಲ

ವಿಜಯಪುರದಿಂದ ‘ಹೈಕು ಓಎಸ್‌ನಲ್ಲಿ ನೆಟ್ ಜೋಡಿಸುವುದು’ ಲೇಖನ ಕಳಿಸಿದವರಿಗೆ, ಬೆಳಗಾವಿಯಿಂದ ನಮಸ್ಕಾರ.

ಲೇಖನವನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಒಂದೂವರೆ ಪುಟ, ಹೈಕು ಎಂಬ ಆಪರೇಟಿಂಗ್ ಸಿಸ್ಟಮ್‌ಗೆ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಮಾದರಿಯಾದ ಹಳೆಯ ಬೀಓಎಸ್‌ನ ಚರಿತ್ರೆ. ಮೂರು ಸಾಲಿಗೆ ಇಳಿಸಿ. ಹೈಕು 2018ರಲ್ಲಿ ಶುರುವಾಯಿತು ಅಂದಿದ್ದೀರಿ. ಕೆಲಸ ಶುರುವಾದದ್ದು 2001ರಲ್ಲಿ, ಓಪನ್‌ಬೀಓಎಸ್ ಎಂಬ ಹೆಸರಿನಲ್ಲಿ. 2018ರಲ್ಲಿ ಬಂದದ್ದು ಮೊದಲ ಬೀಟಾ, ಅಂದರೆ ಪ್ರಯೋಗದ ಆವೃತ್ತಿ.

ನನ್ನ ನಿಜವಾದ ತಕರಾರು ಬೇರೆ. ‘ಸ್ವಲ್ಪ ಒದ್ದಾಡಿದ ಮೇಲೆ ನೆಟ್ ಬಂತು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಓದುವವರಿಗೆ ಬೇಕಾದದ್ದು ಆ ಒದ್ದಾಟವೇ ಮಾರಾಯರೇ! ಪರದೆ ಮೇಲೆ ಏನು ಕಂಡಿತು, ಅದರಿಂದ ಏನು ಅಂದುಕೊಂಡಿರಿ, ಆಮೇಲೆ ಏನು ಬದಲಿಸಿದಿರಿ?

ಟರ್ಮಿನಲ್‌ನಲ್ಲಿ ನೆಟ್‌ನ ಸ್ಥಿತಿ ತೋರಿಸುವ ಇಫ್‌ಕಾನ್ಫಿಗ್ ಆದೇಶ ಕೊಟ್ಟಾಗ 169.254ರಿಂದ ಶುರುವಾಗುವ ವಿಳಾಸ ಕಂಡು ‘ಐಪಿ ಸಿಕ್ಕಿತು’ ಎಂದು ಬರೆದಿದ್ದೀರಿ. ಸಿಕ್ಕಿಲ್ಲ. ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬರದಿದ್ದಾಗ ಯಂತ್ರ ತನಗೆ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ಆದರೆ ಅದರಲ್ಲೂ ಒಂದು ಸುಳಿವಿದೆ. ನೆಟ್ ಕಾರ್ಡನ್ನು ಹೈಕು ಗುರುತಿಸಿದೆ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಇದೆ. ಇನ್ನು ಕೇಬಲ್ಲು, ರೌಟರ್ ಕಡೆ ನೋಡಬೇಕು. ಇದನ್ನು ಬಿಟ್ಟು ನೀವು ನೇರವಾಗಿ ‘ಮತ್ತೆ ಇನ್‌ಸ್ಟಾಲ್ ಮಾಡಿ’ ಅಂತೀರಿ. ಸುಮ್ನೆ ಯಾಕೆ?

ಕ್ಯೂಎಮು (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ತಂತ್ರಾಂಶ) ಭಾಗದಲ್ಲಿ ಗೋಳಗುಮ್ಮಟದ ಹೋಲಿಕೆ ಚೆನ್ನಾಗಿದೆ. ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಕೂಗಿದರೆ ಪ್ರತಿಧ್ವನಿ ಬರಬೇಕು, ಬರಲಿಲ್ಲ, ಹಾಗಾಗಿ ಹೈಕುವಿನ ನೆಟ್ ಕೆಟ್ಟಿದೆ ಎಂದಿರಿ. ಇಲ್ಲೇ ಎಡವಿದ್ದು. ನೀವು ಬಳಸಿದ್ದು ಕ್ಯೂಎಮುವಿನ ಯೂಸರ್ ಮೋಡ್, ಒಳಗಿನ ಯಂತ್ರಕ್ಕೆ ಕ್ಯೂಎಮುವೇ ನೆಟ್ ಒದಗಿಸುವ ಬಗೆ. ಅದರಲ್ಲಿ ಹೊರಗಿನ ತಾಣಕ್ಕೆ ಪಿಂಗ್ ಸಾಮಾನ್ಯವಾಗಿ ಹೋಗುವುದೇ ಇಲ್ಲ. ಆದರೂ ಬ್ರೌಸರ್‌ನಲ್ಲಿ ಪುಟ ತೆರೆಯುತ್ತದೆ. ನಿಮಗೆ ಬಂದ 10.0.2.15 ಸರಿಯಾದ ವಿಳಾಸವೇ. ಮೊದಲು 10.0.2.2ಕ್ಕೆ ಪಿಂಗ್ ಮಾಡಿ, ಅದು ಅಲ್ಲಿನ ಗೇಟ್‌ವೇ, ಹೊರಗೆ ಹೋಗುವ ದಾರಿ. ಆಮೇಲೆ ಹೈಕುವಿನ ಬ್ರೌಸರ್ ವೆಬ್‌ಪಾಸಿಟಿವ್ ತೆರೆದು ನೋಡಿ. ತಾಣದ ಹೆಸರು ಕೊಟ್ಟರೆ ತೆರೆಯದಿದ್ದರೆ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ 10.0.2.3 ಅಂತ ಇದೆಯಾ ನೋಡಿ. ಹೋಲಿಕೆ ಇರಲಿ, ತೀರ್ಮಾನ ತೆಗೆಯಿರಿ.

‘ಹೈಕುವಿನಲ್ಲಿ ವೈಫೈ ಆಗುವುದಿಲ್ಲ’ ಎಂಬ ಮಾತಿಗೆ ಒಂದೇ ಒಂದು ಲ್ಯಾಪ್‌ಟಾಪಿನ ಆಧಾರ ಸಾಲದು. ಹೈಕುವಿನ ವೈಫೈ ಡ್ರೈವರುಗಳು ಜಾಸ್ತಿ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಿಂದ ಬಂದವು. ಚಿಪ್ ಯಾವುದು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ನಿಮ್ಮ ಚಿಪ್ಪಿನ ಮಾದರಿ ಸಂಖ್ಯೆ ಬರೆಯಿರಿ. ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಕೇಬಲ್ ಮೂಲಕ ಬಳಸುವುದು) ಪ್ರಯತ್ನಿಸಿದ್ದೀರಾ? 2022ರ ಬೀಟಾ 4ರಲ್ಲಿ ಅದಕ್ಕೆ ಡ್ರೈವರ್ ಬಂದಿದೆ.

ಸ್ಟೇಷನ್ ರಸ್ತೆಯಲ್ಲಿ ಹಳೇ ಲ್ಯಾಪ್‌ಟಾಪ್ ಕೊಳ್ಳುವ ಪ್ಯಾರಾ ಮುಟ್ಟಬೇಡಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಸ್ಕ್ರೀನ್‌ಶಾಟ್ ಎರಡು ಸಾಕು: ತಪ್ಪು ವಿಳಾಸ ಬಂದಾಗಿನದು, ಸರಿಯಾದದ್ದು ಬಂದಾಗಿನದು. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.