ಉಪ್ಪಿನಕಾಯಿ ವ್ಯಾಪಾರ: ಎಲ್‌ಎಲ್‌ಪಿಯೋ, ಕಂಪನಿಯೋ?

ಸರ್, ತೀರ್ಥಹಳ್ಳಿಯ ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರ ನಿಮ್ಮೊಬ್ಬರ ಹೆಸರಲ್ಲಿದೆ. ಈಗ ತಮ್ಮನನ್ನೂ ಸೇರಿಸಿಕೊಂಡು ಎಲ್‌ಎಲ್‌ಪಿ (ಪಾಲುದಾರರ ಹೊಣೆ ಸೀಮಿತವಾಗಿರುವ ಪಾಲುದಾರಿಕೆ) ಮಾಡಲೋ, ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಲೋ ಎಂದು ಕೇಳಿದ್ದೀರಿ.

ಹೊರಗಿನವರ ದುಡ್ಡು ಬೇಡ ಅಂದರೆ ಎಲ್‌ಎಲ್‌ಪಿ ಸಾಕು. ವಹಿವಾಟು 40 ಲಕ್ಷ, ಹೂಡಿಕೆ 25 ಲಕ್ಷದ ಒಳಗಿದ್ದರೆ ಎಲ್‌ಎಲ್‌ಪಿ ಕಾನೂನಿನಡಿ ಆಡಿಟ್ ಕಡ್ಡಾಯವಲ್ಲ. ಕಂಪನಿಗೆ ಮೊದಲ ವರ್ಷದಿಂದಲೇ ಆಡಿಟ್, ಖರ್ಚೂ ಜಾಸ್ತಿ.

ಆದರೆ ವ್ಯಾಪಾರದ ಕಟ್ಟಡವನ್ನೂ ಹೊಸ ಸಂಸ್ಥೆಗೆ ಬರೆದುಕೊಡುತ್ತೀರಾ? ಹಾಗಾದರೆ ಸ್ವಲ್ಪ ತಡೆಯಿರಿ. ವ್ಯಾಪಾರದ ಆಸ್ತಿ, ಸಾಲ ಎಲ್ಲವನ್ನೂ ಕಂಪನಿಗೆ ವರ್ಗಾಯಿಸಿ, ಬದಲಿಗೆ ಷೇರು ಮಾತ್ರ ಪಡೆದು, ಅರ್ಧದಷ್ಟಾದರೂ ಮತದ ಹಕ್ಕನ್ನು 5 ವರ್ಷ ಇಟ್ಟುಕೊಂಡರೆ ಬಂಡವಾಳ ಲಾಭದ ತೆರಿಗೆ (ಆಸ್ತಿ ಕೈಬದಲಾದಾಗ ಬರುವ ಲಾಭದ ಮೇಲಿನದು) ಬೀಳುವುದಿಲ್ಲ. ಎಲ್‌ಎಲ್‌ಪಿಗೆ ಈ ವಿನಾಯಿತಿ ಇಲ್ಲ.

ಯಾವುದು ಮಾಡಿದರೂ ಪ್ಯಾನ್, ಜಿಎಸ್‌ಟಿ ಹೊಸದೇ. ಹಳೆಯ ಜಿಎಸ್‌ಟಿ ರದ್ದು ಮಾಡುವ ಮೊದಲು ಐಟಿಸಿ-02 ಫಾರಂ (ಬಳಸದೆ ಉಳಿದ ಜಿಎಸ್‌ಟಿ ಕ್ರೆಡಿಟ್ ಅನ್ನು ಹೊಸ ನೋಂದಣಿಗೆ ವರ್ಗಾಯಿಸುವುದು) ಹಾಕಿ. ನಾನು ಮರೆತು ಸುಮ್ನೆ ಕ್ರೆಡಿಟ್ ಕಳೆದುಕೊಂಡೆ.