ಕೊಲಾಜ್ ಕಲಾವಿದರ ದಿನ ಹೇಗಿರುತ್ತದೆ? ಕತ್ತರಿಸಿ ಅಂಟಿಸುವುದರಲ್ಲಿ ಅಷ್ಟೊಂದು ಕೆಲಸ ಏನಿದೆ?

ನೀವು ಕೇಳಿದ್ದು ಮೂರು ವಿಷಯ. ಪುಸ್ತಕ, ಪತ್ರಿಕೆಗಳಿಗೆ ಚಿತ್ರ ಮಾಡುತ್ತಾ ಕೊಲಾಜನ್ನೂ (ಕಾಗದ, ಫೋಟೊ ತುಣುಕುಗಳನ್ನು ಅಂಟಿಸಿ ಮಾಡುವ ಚಿತ್ರ) ಮಾಡುವವರ ದಿನ ಹೇಗಿರುತ್ತದೆ, ಈಚೆಗೆ ನಾನು ಏನೇನು ಮಾಡಿದೆ, ಯಾರೋ ಅಚ್ಚು ಹಾಕಿದ್ದನ್ನು ಕತ್ತರಿಸಿ ಅಂಟಿಸಿದರೆ ಅದರಲ್ಲಿ ನಮ್ಮ ಕೆಲಸ ಎಷ್ಟು. ಮೂರನೆಯದರಿಂದಲೇ ಶುರು ಮಾಡುತ್ತೇನೆ. ನನ್ನ ದಿನ ಕಳೆಯುವುದೇ ಅದರಲ್ಲಿ.

ಕತ್ತರಿಸುವುದಕ್ಕೆ ಒಂದಿಷ್ಟು ಹೊತ್ತು ಬೇಕು. ಅಂಟಿಸುವುದಕ್ಕೆ ಕೆಲವೇ ನಿಮಿಷ ಸಾಕು. ಕೆಲಸ ಇರುವುದು ಇವೆರಡರ ನಡುವೆ. ತುಣುಕುಗಳೆಲ್ಲ ಹಾಳೆಯ ಮೇಲೆ ಸುಮ್ನೆ ಬಿದ್ದಿರುತ್ತವೆ. ಯಾವುದನ್ನೂ ಅಂಟಿಸಿರುವುದಿಲ್ಲ. ಒಂದನ್ನು ಅರ್ಧ ಬೆರಳಿನಷ್ಟು ಸರಿಸುತ್ತೇನೆ, ಎಲೆಯಾಗಿದ್ದದ್ದು ರೆಕ್ಕೆಯಾಗುತ್ತದೆ. ಇನ್ನೊಂದನ್ನು ಸ್ವಲ್ಪ ವಾಲಿಸುತ್ತೇನೆ, ನೆಟ್ಟಗೆ ನಿಂತಿದ್ದ ಮನುಷ್ಯ ದಣಿದವನಂತೆ ಕಾಣುತ್ತಾನೆ. ಹೀಗೆ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ. ಪ್ರತಿ ಸಲ ಸರಿಸಿದಾಗಲೂ ಫೋನಿನಲ್ಲಿ ಒಂದು ಫೋಟೊ ತೆಗೆದಿಡುತ್ತೇನೆ. ಮೂರು ದಿನದ ಹಿಂದಿನ ಜೋಡಣೆಯೇ ಚೆನ್ನಾಗಿತ್ತು ಅನ್ನಿಸುವುದು ತುಂಬಾ ಸಲ. ಆ ಹೊತ್ತಿನಲ್ಲಿ ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ, ಯಾರೂ ಬಾಗಿಲನ್ನು ಜೋರಾಗಿ ತಳ್ಳುವಂತಿಲ್ಲ.

ಫ್ರಾನ್ಸಿನ ಚಿತ್ರಕಾರ ಮಾತಿಸ್ ಕೊನೆಗಾಲದಲ್ಲಿ ಮಾಡಿದ ಕಾಗದದ ಚಿತ್ರಗಳನ್ನು ನೀವು ನೋಡಿರಬಹುದು. 1941ರಲ್ಲಿ ದೊಡ್ಡ ಆಪರೇಶನ್ ಆದ ಮೇಲೆ ಅವರಿಗೆ ಮೊದಲಿನಂತೆ ನಿಂತು ಚಿತ್ರ ಬರೆಯುವುದು ಕಷ್ಟವಾಯಿತು. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ಕೊಡುತ್ತಿದ್ದರು. ಮಾತಿಸ್ ಕತ್ತರಿ ಹಿಡಿದು ಬಣ್ಣದ ಹಾಳೆಯಲ್ಲೇ ನೇರವಾಗಿ ಆಕಾರ ತೆಗೆಯುತ್ತಿದ್ದರು. ನನಗೆ ದೊಡ್ಡದು ಅನ್ನಿಸುವುದು ಅದರ ಮುಂದಿನ ಕೆಲಸ. ತುಣುಕುಗಳನ್ನು ಗೋಡೆಗೆ ಗುಂಡುಸೂಜಿಯಲ್ಲಿ ಚುಚ್ಚಿಸುತ್ತಿದ್ದರು. ನೋಡಿ, ತೆಗೆಸಿ, ಬೇರೆ ಕಡೆ ಚುಚ್ಚಿಸುತ್ತಿದ್ದರು. ಅಂಟು ಬರುತ್ತಿದ್ದದ್ದು ಎಲ್ಲ ತೀರ್ಮಾನವಾದ ಮೇಲೆ. ಹಲವು ಚಿತ್ರಗಳಲ್ಲಿ ಸೂಜಿ ಚುಚ್ಚಿದ ಸಣ್ಣ ತೂತುಗಳು ಈಗಲೂ ಕಾಣುತ್ತವೆ. ಒಂದೊಂದು ತುಣುಕು ಎಷ್ಟು ಸಲ ಜಾಗ ಬದಲಿಸಿದೆ ಅನ್ನುವುದಕ್ಕೆ ಅವೇ ಸಾಕ್ಷಿ.

ಇನ್ನು ದಿನದ ವಿಷಯ. ಬೆಳಗ್ಗೆ ಬೆಳಕು ಚೆನ್ನಾಗಿರುವಾಗ ಬ್ಲೇಡಿನ ಕೆಲಸ ಮುಗಿಸುತ್ತೇನೆ. ಬೇಕಾಗುವ ಸಾಮಾನು ಕಡಿಮೆ. 11ನೇ ನಂಬರಿನ ಸರ್ಜಿಕಲ್ ಬ್ಲೇಡು, ಕಟಿಂಗ್ ಮ್ಯಾಟ್, ಸ್ಟೀಲ್ ಸ್ಕೇಲು, ಚಿಮುಟ. ಬ್ಲೇಡಿನ ತುದಿ ಸ್ವಲ್ಪ ಮೊಂಡಾದರೂ ಬದಲಿಸುತ್ತೇನೆ. ಮೊಂಡು ಬ್ಲೇಡು ಕಾಗದವನ್ನು ಕತ್ತರಿಸುವುದಿಲ್ಲ, ಎಳೆದು ಹರಿಯುತ್ತದೆ. ಅದನ್ನು ಒತ್ತಿದಷ್ಟೂ ಕೈ ಜಾರುವುದು ಜಾಸ್ತಿ. ತಿರುವು ಬಂದಾಗ ಬ್ಲೇಡನ್ನು ತಿರುಗಿಸುವುದಿಲ್ಲ, ಕಾಗದವನ್ನು ತಿರುಗಿಸುತ್ತೇನೆ. ಮಧ್ಯಾಹ್ನದ ಮೇಲೆ ಓದು, ರಫ್ ಸ್ಕೆಚ್, ಸ್ಕ್ಯಾನ್. ಸಂಜೆ ಈಮೇಲ್, ಕರಾರು, ಬಿಲ್ಲು. ವಾರದಲ್ಲಿ ಹೆಚ್ಚೂಕಡಿಮೆ ಒಂದೂವರೆ ದಿನ ಈ ಕೊನೆಯದಕ್ಕೇ ಹೋಗುತ್ತದೆ. ಹೊಸಬರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಹೊಟ್ಟೆಪಾಡಿನ ಕೆಲಸ ಸ್ವಂತ ಕೆಲಸವನ್ನು ತಿಂದುಹಾಕುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ನಾನೂ ಹೆದರಿದ್ದೆ. ಜರ್ಮನಿಯ ಕಲಾವಿದೆ ಹಾನ್ನಾ ಹ್ಯೋಖ್ ಬಗ್ಗೆ ಓದಿದ ಮೇಲೆ ಆ ಹೆದರಿಕೆ ಕಡಿಮೆಯಾಯಿತು. ಆಕೆ 1916ರಿಂದ 1926ರವರೆಗೆ ಬರ್ಲಿನ್ನಿನ ಉಲ್‌ಸ್ಟೈನ್ ಪ್ರಕಾಶನದಲ್ಲಿ ಕಸೂತಿ, ಹೆಣಿಗೆಯಂಥ ಕೈಕೆಲಸಗಳಿಗೆ ನಮೂನೆ ಬರೆಯುವ ಕೆಲಸದಲ್ಲಿದ್ದರು. ಅದೇ ಪ್ರಕಾಶನದ ಪತ್ರಿಕೆಗಳ ಫೋಟೊಗಳನ್ನು ಕತ್ತರಿಸಿ ತಮ್ಮ ಫೋಟೊಮೊಂಟಾಜ್‌ಗಳನ್ನು ಮಾಡಿದರು. ಸಂಬಳದ ಕೆಲಸವೇ ಸ್ವಂತ ಕೆಲಸಕ್ಕೆ ಕಾಗದ ಒದಗಿಸಿತು. ನನಗೂ ಹಾಗೇ ಆಗಿದೆ. ಪುಸ್ತಕದ ಕೆಲಸದಲ್ಲಿ ಉಳಿದ ಚೂರುಗಳು ಒಂದು ಡಬ್ಬಿಗೆ ಹೋಗುತ್ತವೆ. ನನ್ನ ಸ್ವಂತ ಚಿತ್ರಗಳು ಹುಟ್ಟುವುದು ಆ ಡಬ್ಬಿಯಲ್ಲೇ.

ಈಚಿನ ಕೆಲಸಗಳಲ್ಲಿ ದೊಡ್ಡದು ಒಂದು ಮಕ್ಕಳ ಚಿತ್ರಪುಸ್ತಕ. ರಾತ್ರಿ ದೀಪದ ಸುತ್ತ ಸುತ್ತುವ ಪತಂಗದ ಕತೆ. ಇಂಥ ಪುಸ್ತಕಗಳು ಹೆಚ್ಚಾಗಿ 32 ಪುಟ ಇರುತ್ತವೆ. ಅಚ್ಚಿನ ದೊಡ್ಡ ಹಾಳೆಯನ್ನು ಮಡಿಸಿದರೆ 8 ಅಥವಾ 16 ಪುಟ ಸಿಗುತ್ತದೆ, ಆ ಲೆಕ್ಕದಲ್ಲಿ 32 ಬರುತ್ತದೆ. ಹೆಸರಿನ ಪುಟ, ಕಾಪಿರೈಟ್ ಹಕ್ಕಿನ ಪುಟ ಎಲ್ಲ ಕಳೆದರೆ ಕತೆಗೆ ಉಳಿಯುವುದು 12ರಿಂದ 14 ಜೋಡಿಪುಟ (ಎದುರುಬದುರಿನ ಎರಡು ಪುಟ). ಬರೆದವರು ಮಾತು ಬಹಳ ಕಡಿಮೆ ಇಟ್ಟಿದ್ದರು. ಒಂದು ಕಡೆ ಬರೀ 'ಆಮೇಲೆ ಕತ್ತಲು' ಎಂದಿತ್ತು. ಮಾತು ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಎರಡರಲ್ಲಿ ಒಂದು ದಂಡ ಅಲ್ವಾ? ಕತ್ತಲು ಅಂದರೆ ಒಂದೇ ಕಪ್ಪಲ್ಲ ಅನ್ನುವುದನ್ನು ಚಿತ್ರ ಹೇಳಲಿ ಅಂದುಕೊಂಡೆ. ಬಿಳಿ ಕಾಗದಕ್ಕೆ ಮಸಿ ಬಳಿದ ಕಪ್ಪು, ಜೆರಾಕ್ಸಿನ ಕಪ್ಪು, ಹಳೆಯ ಫೋಟೊ ಆಲ್ಬಮ್ಮಿನ ಹಾಳೆಯ ಮಾಸಿದ ಕಪ್ಪು. ಮೂರನ್ನೂ ಹರಿದು ಒಂದರ ಮೇಲೊಂದು ಇಟ್ಟೆ. ಬಣ್ಣ ಬಳಿದ ಕಾಗದವನ್ನು ಹರಿದಾಗ ಒಳಗಿನ ಬಿಳಿ ಒಂದು ತುಣುಕಿನ ಅಂಚಿನಲ್ಲಿ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ಕೈ ಯಾವ ಕಡೆ ಎಳೆಯುತ್ತದೆ ಅನ್ನುವುದರ ಮೇಲೆ ಅದು ನಿಂತಿದೆ. ಆ ತೆಳು ಬಿಳಿ ಅಂಚೇ ಕತ್ತಲಲ್ಲಿ ದೂರದ ಬೆಳಕಾಯಿತು. ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪುಟ ಅದು.

ಕಷ್ಟ ಬಂದದ್ದು ಪತಂಗದ ರೆಕ್ಕೆಯಲ್ಲಿ. ಒಳಗಿನ ಬರಹ ಹೊರಗೆ ಕಾಣದಿರಲಿ ಅಂತ ಕೆಲವು ಲಕೋಟೆಗಳ ಒಳಮೈಗೆ ನೀಲಿ ಗೆರೆಗಳನ್ನು ಅಚ್ಚು ಹಾಕಿರುತ್ತಾರಲ್ಲ, ಆ ಕಾಗದದಿಂದ ರೆಕ್ಕೆ ಮಾಡಿದ್ದೆ. ನನ್ನ ಹತ್ತಿರ ಅಂಥ ಲಕೋಟೆ ಕೆಲವೇ ಇದ್ದವು. ಒಂಬತ್ತನೆಯ ಜೋಡಿಪುಟಕ್ಕೆ ಬರುವಾಗ ಮುಗಿದುಹೋದವು. ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದೆ. ನೀಲಿ ಹೊಂದಲಿಲ್ಲ, ಗೆರೆ ಮಂಕಾಯಿತು. ಎರಡು ದಿನ ಏನೂ ತೋಚಲಿಲ್ಲ. ಆಮೇಲೆ ಹೊಳೆಯಿತು. ಅಷ್ಟು ಹೊತ್ತು ದೀಪಕ್ಕೆ ಬಡಿದುಕೊಂಡ ಪತಂಗದ ರೆಕ್ಕೆ ಸವೆದಿರುವುದೇ ಸರಿ. ಅಲ್ಲಿಂದ ಮುಂದೆ ರೆಕ್ಕೆಗೆ ಬೇರೆ ಬೇರೆ ಕಾಗದದ ತೇಪೆ ಹಾಕುತ್ತಾ ಹೋದೆ. ಬರೆದವರಿಗೆ ತೋರಿಸಿದಾಗ ಅವರು ಕೊನೆಯ ಸಾಲನ್ನೇ ಅದಕ್ಕೆ ತಕ್ಕಂತೆ ಬದಲಿಸಿದರು. ಕಾಗದ ಮುಗಿಯದಿದ್ದರೆ ಆ ಸಾಲು ಹುಟ್ಟುತ್ತಿರಲಿಲ್ಲ.

ಪತ್ರಿಕೆಯ ಕೆಲಸ ಇದಕ್ಕೆ ಪೂರ್ತಿ ಬೇರೆ. ನಿದ್ದೆ ಬಾರದವರ ಬಗ್ಗೆ ಒಂದು ಲೇಖನ ಬಂತು, ಎರಡು ದಿನ ಸಮಯ. ಮೊದಲು ಮೂರು ಸಲ ಓದಿದೆ. ಮೂರು ರಫ್ ಕಳಿಸಿದೆ, ಸಂಪಾದಕರು ಎರಡನೆಯದನ್ನು ಆರಿಸಿದರು. ದಿಂಬಿನ ಮೇಲೆ ತಲೆ ಇರಬೇಕಾದ ಕಡೆ ಗಡಿಯಾರದ ಬಿಚ್ಚಿದ ಭಾಗಗಳು. ಇಂಥ ಕೆಲಸದಲ್ಲಿ ಅಂಟು ಮುಟ್ಟುವುದೇ ಇಲ್ಲ. ತುಣುಕುಗಳನ್ನು ಒಂದೊಂದಾಗಿ 600 ಡಿಪಿಐಗೆ (ಒಂದು ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸುತ್ತೇನೆ. ಅಚ್ಚಿಗೆ 300 ಸಾಕು, ಆದರೆ 600 ಇದ್ದರೆ ಎರಡರಷ್ಟು ದೊಡ್ಡದು ಮಾಡಿದರೂ ಕೆಡುವುದಿಲ್ಲ. ಒಂದು ಎಚ್ಚರಿಕೆ: ಅಚ್ಚಾದ ಫೋಟೊ ಬರೀ ಚುಕ್ಕೆಗಳಿಂದ ಆಗಿರುತ್ತದೆ. ಸ್ಕ್ಯಾನ್ ಮಾಡಿದಾಗ ಆ ಚುಕ್ಕೆಗಳಿಂದ ಅಲೆ ಅಲೆಯಾದ ಗೆರೆ ಬಂದುಬಿಡಬಹುದು. ಸ್ಕ್ಯಾನರಿನಲ್ಲಿ ಡಿಸ್ಕ್ರೀನ್ ಅನ್ನುವ ಆಯ್ಕೆ ಇರುವುದು ಇದಕ್ಕೇ.

ಬೇರೆಯವರ ಚಿತ್ರ ಕತ್ತರಿಸಬಹುದಾ ಅನ್ನುವುದೂ ನಿಮ್ಮ ಪ್ರಶ್ನೆಯೊಳಗೇ ಇದೆ. ಸಂಭಾವನೆಯ ಕೆಲಸಕ್ಕೆ ನಾನು ನನ್ನದೇ ಬಣ್ಣದ ಕಾಗದ, ನಾನೇ ತೆಗೆದ ಫೋಟೊ, ಇಲ್ಲವೇ ಹಕ್ಕಿನ ಅವಧಿ ಮುಗಿದ ಚಿತ್ರಗಳನ್ನು ಮಾತ್ರ ಬಳಸುತ್ತೇನೆ. ಹಳೆಯದಾದ ಮಾತ್ರಕ್ಕೆ ಹಕ್ಕು ಮುಗಿದಿರುವುದಿಲ್ಲ. ಮಾಡಿದವರು ತೀರಿಕೊಂಡು ಕೆಲವು ದೇಶಗಳಲ್ಲಿ 50 ವರ್ಷ, ಕೆಲವು ಕಡೆ 60, ಹಲವು ಕಡೆ 70 ವರ್ಷದವರೆಗೆ ಅದು ಇರುತ್ತದೆ. ನಮಗೆ ದೊಡ್ಡ ಉಪಕಾರ ಮಾಡಿದ್ದು ಮ್ಯೂಸಿಯಂಗಳು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಲ್ಲಿ, ಅಮೆರಿಕದ ಮ್ಯೂಸಿಯಂಗಳ ಸಂಸ್ಥೆ ಸ್ಮಿತ್‌ಸೋನಿಯನ್ 2020ರಲ್ಲಿ ಲಕ್ಷಗಟ್ಟಲೆ ಚಿತ್ರಗಳನ್ನು ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟವು. ಆ ಗಡಿಯಾರದ ಭಾಗಗಳೂ ಹೀಗೆ ಸಿಕ್ಕಿದ್ದೇ.

ನಮ್ಮ ಹಕ್ಕನ್ನೂ ನಾವೇ ನೋಡಿಕೊಳ್ಳಬೇಕು. ಮುಖಪುಟಕ್ಕೆ ಅಂತ ಮಾಡಿಕೊಟ್ಟ ನನ್ನ ಒಂದು ಚಿತ್ರ ಆಮೇಲೆ ಚೀಲಗಳ ಮೇಲೆ, ಕ್ಯಾಲೆಂಡರಿನಲ್ಲಿ ಕಾಣಿಸಿತು. ನನ್ನನ್ನು ಕೇಳಿರಲಿಲ್ಲ. ಕರಾರು ತೆಗೆದು ನೋಡಿದರೆ 'ಚಿತ್ರದ ಬಳಕೆಗೆ' ಎಂದಷ್ಟೇ ಇತ್ತು. ತುಂಬಾ ನೋವಾಯಿತು. ಈಗ ಎಲ್ಲಿ, ಯಾವ ರೂಪದಲ್ಲಿ, ಎಷ್ಟು ವರ್ಷ, ಎಷ್ಟು ಸಲ ತಿದ್ದಿಕೊಡಬೇಕು, ನಡುವೆ ಕೆಲಸ ನಿಂತರೆ ಎಷ್ಟು ಕೊಡಬೇಕು, ಎಲ್ಲವನ್ನೂ ಬರೆಸಿಕೊಳ್ಳದೆ ಬ್ಲೇಡು ಹಿಡಿಯುವುದಿಲ್ಲ.

ಕಾಗದದ ಗುಣವನ್ನೂ ಪೆಟ್ಟು ತಿಂದೇ ಕಲಿತೆ. ಶುರುವಿನಲ್ಲಿ ದಿನಪತ್ರಿಕೆಯ ಕಾಗದದಲ್ಲಿ ಮಾಡಿದ ಒಂದು ಚಿತ್ರವನ್ನು ಕೊಂಡವರು ಕಿಟಕಿ ಪಕ್ಕ ಹಾಕಿದ್ದರು. ಒಂದೇ ವರ್ಷದಲ್ಲಿ ಕಂದುಬಣ್ಣಕ್ಕೆ ತಿರುಗಿತು. ಆ ಕಾಗದದಲ್ಲಿ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ಸೋಕಿದರೆ ಹಳದಿಯಾಗಿ, ಕೊನೆಗೆ ಪುಡಿಯಾಗುತ್ತದೆ. ಬೇರೆ ಚಿತ್ರ ಮಾಡಿಕೊಟ್ಟೆ. ಕಾಗದಕ್ಕೆ ಎಳೆಯ ದಿಕ್ಕೂ ಇದೆ, ಅದರ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗಿರುತ್ತವೆ. ಒದ್ದೆಯಾದಾಗ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗುವಾಗ ಎಳೆದುಕೊಳ್ಳುತ್ತದೆ. ಅದಕ್ಕೇ ಅಂಟಿಸಿದ ರಟ್ಟು ಸೊಟ್ಟಗಾಗುವುದು. ರಟ್ಟಿನ ಹಿಂಬದಿಗೂ ಅಂಥದೇ ಒಂದು ಹಾಳೆ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮವಾಗಿ ನೆಟ್ಟಗೆ ನಿಲ್ಲುತ್ತದೆ.

ಕೊನೆಗೆ, ಈ ವರ್ಷ ನನ್ನ ಮನಸ್ಸಿನಲ್ಲಿ ಉಳಿದ ಕೆಲಸ. ಒಬ್ಬರು ತೀರಿಹೋದ ತಮ್ಮ ತಾಯಿಯ ಪೆಟ್ಟಿಗೆ ತಂದರು. ತಾಯಿ ಬಟ್ಟೆ ಹೊಲಿಯುತ್ತಿದ್ದರು. ಪೆಟ್ಟಿಗೆ ತುಂಬಾ ಬಟ್ಟೆಯ ಮೇಲಿಟ್ಟು ಕತ್ತರಿಸಲು ಬಳಸುವ ಪೇಪರ್ ಕಟಿಂಗ್‌ಗಳು. ತೋಳು, ಕಾಲರು, ಬೆನ್ನಿನ ಅರ್ಧ. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಅಳತೆ. "ಇವನ್ನೆಲ್ಲ ಕತ್ತರಿಸಿ ಒಂದು ಚಿತ್ರ ಮಾಡಿಕೊಡಿ" ಅಂದರು.

ಮೂರು ವಾರ ನನ್ನಿಂದ ಬ್ಲೇಡು ಹಾಕಲು ಆಗಲಿಲ್ಲ. ದಿನಾ ತೆಗೆದು ಹರಡುತ್ತಿದ್ದೆ, ಮತ್ತೆ ಮಡಿಸಿ ಇಡುತ್ತಿದ್ದೆ. ಆಮೇಲೆ ಕಾರಣ ತಿಳಿಯಿತು. ಅವು ಆಗಲೇ ಕತ್ತರಿಸಿದ ಕಾಗದಗಳು. ಪ್ರತಿ ಅಂಚೂ ಆ ತಾಯಿಯ ಕತ್ತರಿ ಹೋದ ದಾರಿ. ಅದರ ಮೇಲೆ ನಾನು ಕತ್ತರಿ ಹಾಕಿದರೆ ಇದ್ದದ್ದೂ ಹೋಗುತ್ತದೆ. ಅವರಿಗೆ ಫೋನ್ ಮಾಡಿ ಒಂದನ್ನೂ ಕತ್ತರಿಸುವುದಿಲ್ಲ ಅಂದೆ. ಒಪ್ಪಿದರು. ತೋಳಿನ ಬಾಗು ಗುಡ್ಡವಾಯಿತು, ಕಾಲರು ದೋಣಿಯಾಯಿತು, ಬೆನ್ನಿನ ಭಾಗಗಳು ಮೋಡವಾದವು. ನಾನು ಕತ್ತರಿಸಿದ್ದು ಹಿನ್ನೆಲೆಯ ಬಣ್ಣದ ಕಾಗದವನ್ನು ಮಾತ್ರ.

ಗೋಧಿ ಪಿಷ್ಟದ ಅಂಟು ಬಳಸಿದೆ, ನೀರು ಸೋಕಿಸಿದರೆ ಅದು ಬಿಡುತ್ತದೆ. ಪೆನ್ಸಿಲ್ ಬರಹ ನೀರಿಗೆ ಕದಡುವುದಿಲ್ಲ, ಅದೊಂದು ಅನುಕೂಲವಾಯಿತು. ಅಂಟನ್ನೂ ಪೂರ್ತಿ ಬಳಿಯಲಿಲ್ಲ. ಪ್ರತಿ ತುಣುಕನ್ನೂ ಮೇಲಂಚಿನಲ್ಲಿ ಎರಡು ತೆಳು ಜಪಾನೀ ಕಾಗದದ ಪಟ್ಟಿಗಳಿಂದ ಹಿಡಿಸಿದೆ. ಅದು ಎಲ್ಲಿ ಕೂತಿದೆ ಅಂತ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಸುತ್ತಲೂ ಗೆರೆ ಎಳೆದೆ.

ಎರಡು ತಿಂಗಳಾದ ಮೇಲೆ ಅವರು ಚಿತ್ರವನ್ನು ವಾಪಸ್ ತಂದರು. ಒಂದು ಸಣ್ಣ ತೋಳಿನ ಕಟಿಂಗ್ ತೋರಿಸಿದರು. ಅದರ ಮೇಲಿದ್ದದ್ದು ಅವರಿಗೆ ಆರು ವರ್ಷವಿದ್ದಾಗಿನ ಅಳತೆ. ತಂಗಿ ಅದನ್ನು ಕೇಳುತ್ತಿದ್ದಾಳೆ, ತೆಗೆಯಲು ಆಗುತ್ತದಾ ಅಂದರು. ಒದ್ದೆ ಬ್ರಷ್ಷಿನಿಂದ ಎರಡೂ ಪಟ್ಟಿಗಳನ್ನು ಬಿಡಿಸಿದೆ. ಹರಿಯದೆ ಬಂತು. ಆ ಜಾಗಕ್ಕೆ ಬೇರೆ ಏನಾದರೂ ಇಡಲಾ ಅಂತ ಕೇಳಿದೆ, ಬೇಡ ಅಂದರು. ಈಗ ಆ ಚಿತ್ರದಲ್ಲಿ ಒಂದು ಗುಡ್ಡ ಬರೀ ಪೆನ್ಸಿಲ್ ಗೆರೆಯಾಗಿ ನಿಂತಿದೆ. ಹಾಗೇ ಗೋಡೆಗೆ ಹಾಕಿಕೊಂಡಿದ್ದಾರೆ.